ಅಣ್ಣನ ಬೆನ್ನಿನ ಕರಿಮಚ್ಚೆ

ಅಮ್ಮನ ಕಾಯಿಲೆ ಉಲ್ಬಣಿಸಿದ್ದನ್ನು ಅಣ್ಣ ತಮ್ಮ ಪುಟ್ಟನಿಗೆ ಹೇಳಿರಲಿಲ್ಲ. 'ಪುಟ್ಟನ ಪರೀಕ್ಷೆ ಕೆಡುತ್ತೆ' ಎಂದು ಮನೆಯವರ ಬಾಯನ್ನೆಲ್ಲ ಮುಚ್ಚಿಸಿದ್ದ. ಪರೀಕ್ಷೆ ಮುಗಿಸಿ ಪುಟ್ಟ ಬಂದಾಗ ಅಮ್ಮ ತೀರಿಕೊಂಡಾಗಿತ್ತು, ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದರು. ಪುಟ್ಟ ಈಗ ಹೆಸರಾದ ಚರ್ಮದ ಡಾಕ್ಟರ್, ತಲೆ ನರೆತಿದೆ. ಆ ಹಾಸಿಗೆ ಮಾತ್ರ ಕಣ್ಣಿಂದ ಹೋಗಿಲ್ಲ.

ಕಳೆದ ವಾರ ಅಣ್ಣ ತನ್ನ ಬೆನ್ನಿನ ಕರಿಮಚ್ಚೆಯ ಫೋಟೋ ಕಳಿಸಿದ್ದ. ನೋಡಿದೊಡನೆ ಡಾಕ್ಟರಿಗೆ ಗೊತ್ತಾಯಿತು, ಕ್ಯಾನ್ಸರ್. ಬೇಗ ಬುಡಸಮೇತ ಕತ್ತರಿಸಿದರೆ ಅಣ್ಣ ಬದುಕುತ್ತಾನೆ. "ನರಹುಲಿ ಇರ್ಬೇಕು, ಮುಂದಿನ ವಾರ ಬಾ" ಎಂದು ಅಣ್ಣನಿಗೆ ಹೇಳಿಬಿಟ್ಟ.

ವಾರವಿಡೀ ಯೋಚಿಸಿದ. ಕತ್ತರಿಸಿದರೆ ತುಣುಕು ಲ್ಯಾಬಿಗೆ ಹೋಗುತ್ತದೆ, ನಿಜ ಹೊರಬೀಳುತ್ತದೆ. ದ್ರವ ನೈಟ್ರೋಜನ್ ಸಿಂಪಡಿಸಿದರೆ ಆ ರಗಳೆಯೇ ಇಲ್ಲ. ಮೇಲಿನ ಕಪ್ಪು ಹೆಪ್ಪುಗಟ್ಟಿ ಉದುರುತ್ತದೆ, ಬೇರು ಒಳಗೇ ಉಳಿಯುತ್ತದೆ. ಮುಂದೆ ತಲೆಯೆತ್ತಿದಾಗ 'ಅಯ್ಯೋ, ಯಾರಿಗೆ ಗೊತ್ತಿತ್ತು' ಎಂದರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಾಯಿಲೆ ಮುಚ್ಚಿಡುವುದು ಅಣ್ಣನೇ ಕಲಿಸಿದ ವಿದ್ಯೆ ತಾನೇ?

ಕ್ಲಿನಿಕ್ಕಿಗೆ ಬಂದ ಅಣ್ಣ ಅಂಗಿ ಬಿಚ್ಚಿ ಬೋರಲು ಮಲಗಿದ. ಮಚ್ಚೆಯ ಪಕ್ಕದಲ್ಲೇ ಹಳೆಯ ಸುಟ್ಟ ಕಲೆ. ಚಿಕ್ಕಂದಿನಲ್ಲಿ ಪುಟ್ಟ ಕುದಿಯುವ ನೀರಿನ ಪಾತ್ರೆ ಎಳೆದುಕೊಂಡಾಗ ಅಣ್ಣ ಅಡ್ಡ ಬಂದು ಬೆನ್ನು ಕೊಟ್ಟಿದ್ದ. ಆ ಕಲೆಯನ್ನು ನೋಡಲಾಗದೆ ಡಾಕ್ಟರ್ ಮಚ್ಚೆಯ ಅಂಚಿನವರೆಗೂ ಹಸಿರು ಬಟ್ಟೆ ಎಳೆದುಬಿಟ್ಟ. ಮಚ್ಚೆಯನ್ನು ಮತ್ತೆ ಪರೀಕ್ಷಿಸುವ ಅಗತ್ಯವೇನೂ ಇರಲಿಲ್ಲ.

"ಏನೋ ಅದು, ಪುಟ್ಟಾ?"

"ಏನಿಲ್ಲ ಬಿಡಣ್ಣ. ನರಹುಲಿನೇ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ."

ಬಿಳಿ ಹೊಗೆ ಬುಸ್ಸೆಂದಿತು. ಕರಿಮಚ್ಚೆ ನೋಡನೋಡುತ್ತ ಬೆಳ್ಳಗೆ ಕಲ್ಲಾಯಿತು.

"ಉರಿಯುತ್ತೆ ಕಣೋ."

"ಇನ್ನೊಂದ್ಸಲ ಅಷ್ಟೇ ಅಣ್ಣ."

ಬೇಡ, ಈಗಲೂ ಹೇಳಿಬಿಡು ಎಂದು ಮನಸ್ಸು ಅಂಗಲಾಚುತ್ತಿತ್ತು. ಅವನು ಹಲ್ಲುಕಚ್ಚಿ ಇನ್ನೊಮ್ಮೆ ಸಿಂಪಡಿಸಿದ.

ಕೆಲಸ ಮುಗಿಸಿ ಬಟ್ಟೆ ಎತ್ತಿದ. ಸುಟ್ಟ ಕಲೆಗೂ ಮಚ್ಚೆಗೂ ನಡುವೆ, ಅಂಚಿಗೇ, ಕಪ್ಪು ದಾರದ ಒಂದು ಸಣ್ಣ ಹೊಲಿಗೆ. ಲ್ಯಾಬಿಗೆ ತುಣುಕು ತೆಗೆದ ಮೇಲೆ ಹಾಕುವ ಹೊಲಿಗೆ. ಅಂಥವನ್ನು ಅವನೇ ಎಷ್ಟೋ ಹಾಕಿದ್ದ. "ಮುಂದಿನ ವಾರ ಬಾ ಅಂದ್ಯಲ್ಲ, ನಿಮ್ಮತ್ತಿಗೆ ತಡೀಲಿಲ್ಲ ಕಣೋ, ಬೇರೆ ಕಡೆ ತೋರಿಸಿದ್ಲು" ಎಂದ ಅಣ್ಣ, ಬೋರಲಾಗಿಯೇ. "ತುಣುಕು ಪರೀಕ್ಷೆ ಮಾಡಿ ಕ್ಯಾನ್ಸರ್ ಅಂದ್ರು. ಪುಟ್ಟ ನೋಡಿ ಹೇಳೋವರೆಗೂ ನಾನು ನಂಬಲ್ಲ ಅಂತ ಹಟ ಹಿಡ್ದೆ. ನಾಳೆ ಆಪರೇಷನ್ ಇಟ್ಕೊಂಡಿದಾರೆ. ನಿಮ್ಮತ್ತಿಗೆ ಹೊರಗೇ ಕೂತಿದಾಳೆ, ಕರೀತೀನಿ. ಆಪರೇಷನ್ ಬೇಡ ಅಂತ ನೀನೇ ಹೇಳ್ಬಿಡು."