ಗುಂಪು ಸೇರದ ಮಾಟ

"ಇದೊಂದನ್ನ ಯಾವ ಗುಂಪ್ಗೂ ಸೇರುಸ್‌ಬ್ಯಾಡ ಕಣಪ್ಪ," ಎಂದಳು ಚಿಕ್ಕನಂಜಮ್ಮ. "ಇದು ಇಂಥ ಮಾಟ ಅಂತ ಎಸ್ರು ಇಟ್ರೆ ಅದ್ಕೆ ಕೆಲ್ಸ ಕೊಟ್ಟಂಗೆ. ಕೆಲ್ಸ ಇಲ್ದಿದ್ರೆ ಮನೀಕಂಡಿರ್ತದೆ. ಕೊಟ್ಯೋ, ಕೊಟ್ಟೋನ ಮನೇಲೇ ಮೊದ್ಲು ಎದ್ದು ಕೂರ್ತದೆ."

ಪ್ರೀತಂ ನಕ್ಕುಬಿಟ್ಟ. "ಅಜ್ಜೀ, ನಾವು ಮಾಡ್ತಿರೋದು ಮಕ್ಕಳಾಡೋ ಕಾರ್ಡು. ಯಾವ ಗುಂಪೂ ಇಲ್ಲದ ಕಾರ್ಡು ಕೈಗೆ ಬಂದ್ರೆ ಆಡೋದು ಹೇಗೆ ಹೇಳಿ?"

ಮಳವಳ್ಳಿಗೆ ಹತ್ತಿರದ ಆ ಹಳ್ಳಿಯಲ್ಲಿ, ಹೊಗೆ ಹಿಡಿದ ಅಡುಗೆಮನೆಯ ನೆಲದ ಮೇಲೆ, ಹಳೆ ಬಟ್ಟೆಯಲ್ಲಿ ಗೇಣುದ್ದದ ಗೊಂಬೆಯೊಂದು ಬಿದ್ದಿತ್ತು. ಮೈಗೆಲ್ಲ ಕೂದಲು ಸುತ್ತಿ, ತುಕ್ಕು ಹಿಡಿದ ಸೂಜಿ ಚುಚ್ಚಿದ್ದರು. ಸುಟ್ಟ ಕೂದಲಿನ ಕಮಟು ಗಂಟಲಿಗೆ ಅಂಟುವಂತಿತ್ತು. ಮಾಟ ತೆಗೆಯುವುದು ಚಿಕ್ಕನಂಜಮ್ಮನ ಕಸುಬು. ಯಾರದೋ ಹೊಸಿಲ ಕೆಳಗಿಂದ ಕಿತ್ತು ತಂದದ್ದನ್ನು ಇಂಥದ್ದೆಂದು ಗುರುತು ಹಿಡಿದು, ಅದಕ್ಕೆ ತಕ್ಕಂತೆ ಸುಡುವುದೋ ಹೊಳೆಗೆ ಬಿಡುವುದೋ ಮಾಡುತ್ತಿದ್ದಳು. ಇದೊಂದರ ಗುರುತು ಮಾತ್ರ ಅವಳಿಗೂ ಹತ್ತಿರಲಿಲ್ಲ. ಹತ್ತದ್ದನ್ನು ಹತ್ತಿತೆನ್ನುವ ಹೆಂಗಸಲ್ಲ ಅವಳು, ಸುಮ್ಮನೆ ಕಟ್ಟಿಟ್ಟಿದ್ದಳು.

ಅವಳ ಮೊಮ್ಮಗ ಸಿದ್ದರಾಮು ಬಾಗಿಲ ಬೆಳಕಿಗೆ ಕೂತು ಆ ಗೊಂಬೆಯ ಚಿತ್ರ ಬರೆಯುತ್ತಿದ್ದ. ಪ್ರೀತಂನ ಹೆಂಡತಿ ಮಂಜುಶ್ರೀ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಅವಳ ಜಡೆಯ ತುದಿ ಅವನ ತೋಳಿಗೆ ತಾಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿರಲಿಲ್ಲ. ಪ್ರೀತಂಗೆ ಗೊತ್ತಾಗಿತ್ತು.

ಆಟದ ಯೋಚನೆ ಮಂಜುಶ್ರೀಯದು. ಹುಡುಗರು ಎಲ್ಲಿಂದಲೋ ಬಂದ ಮಾಂತ್ರಿಕರ ಕಾರ್ಡುಗಳನ್ನು ಕೊಂಡು, ಬದಲಾಯಿಸಿಕೊಂಡು ಆಡುತ್ತಾರಲ್ಲ, ನಮ್ಮ ಮಾಟ ಮಂತ್ರಕ್ಕೇನು ಕಡಿಮೆ ಎಂದು ಮಂಡ್ಯದ ತವರುಮನೆಯ ಮಹಡಿಯಲ್ಲೇ ಕೆಲಸ ಶುರು ಮಾಡಿದ್ದಳು. ಚಿತ್ರ ಬರೆಯಲು ಜೊತೆಯಲ್ಲಿ ಓದಿದ ಸಿದ್ದರಾಮು. ನಿಯಮ ಕಟ್ಟಲು ಮೈಸೂರಿನಿಂದ ಬಂದು ಅತ್ತೆ ಮನೆಯಲ್ಲಿ ನೆಲೆಸಿದ್ದ ಪ್ರೀತಂ. ಮೇಜಿನ ಮೇಲೆ ಆರು ಬಿಸ್ಕತ್ತಿನ ಡಬ್ಬಗಳಿದ್ದವು. ಕಾಯುವ ಮಂತ್ರವೆಲ್ಲ ಶಾಂತಿಗೆ, ಸೆಳೆಯುವುದು ವಶ್ಯಕ್ಕೆ, ಕಟ್ಟಿಹಾಕುವುದು ಸ್ತಂಭನಕ್ಕೆ, ಅಗಲಿಸುವುದು ವಿದ್ವೇಷಣಕ್ಕೆ, ಓಡಿಸುವುದು ಉಚ್ಚಾಟನಕ್ಕೆ, ಕೊಲ್ಲುವುದು ಮಾರಣಕ್ಕೆ. ಕಾರ್ಡಿನ ಮೂಲೆಯಲ್ಲಿ ಗುಂಪಿನ ಹೆಸರು ಬರೆದು ಆಯಾ ಡಬ್ಬಕ್ಕೆ ಹಾಕುವುದು ಪ್ರೀತಂನ ಕೆಲಸ. ಎಷ್ಟು ತಲೆ ಕೆಡಿಸಿಕೊಂಡು ಮಾಡಿದರೂ ಮಂಜುಶ್ರೀ "ಸರಿಯಾಗಿದೆ ಬಿಡೋ" ಅನ್ನುತ್ತಿದ್ದಳು, ಅಷ್ಟೇ. ಸಿದ್ದರಾಮುವಿನ ಒಂದೊಂದು ಚಿತ್ರ ಬಂದಾಗಲೂ ಅದನ್ನು ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು.

ಅವತ್ತು ವಾಪಸು ಬರುವಾಗ ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕಾಯಿತು. ಸಿದ್ದರಾಮು ವಡೆ ತಂದ. ಗರಿಗರಿ ಅಂಚನ್ನು ಮುರಿದು ಮಂಜುಶ್ರೀಗೆ ಕೊಟ್ಟು, "ತಗಳಮ್ಮಿ, ನಿಂಗೆ ಇದೇ ತಾನೇ ಬೇಕು," ಎಂದ. ಅವಳಿಗೆ ವಡೆಯ ಅಂಚು ಇಷ್ಟವೆಂದು ಮದುವೆಯಾಗಿ ಇಷ್ಟು ದಿನವಾದರೂ ಪ್ರೀತಂಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಿಗೊಂದು ವಾಸನೆ ಇದ್ದಿದ್ದರೆ ಆ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಗೊಂಬೆಯ ಕಾರ್ಡು ಸಿದ್ಧವಾಗಿ ಬಂತು. ಮೂಲೆ ಖಾಲಿ. "ಅಜ್ಜಿ ಹೇಳಿದಂಗೆ ಹಾಗೇ ಇರ್ಲಿ," ಎಂದಳು ಮಂಜುಶ್ರೀ. ಅಜ್ಜಿ ಹೇಳಿದ್ದೂ ಆಯಿತು, ಮೊಮ್ಮಗ ಬರೆದದ್ದೂ ಆಯಿತು, ಈ ಮನೆಯಲ್ಲಿ ತನ್ನ ಮಾತಿಗೆ ಜಾಗ ಎಲ್ಲಿ ಎಂದುಕೊಂಡ ಪ್ರೀತಂ.

ಸಕ್ಕರೆ ಕಾರ್ಖಾನೆ ಕಬ್ಬು ಅರೆಯುತ್ತಿದ್ದ ಕಾಲ. ಸಂಜೆ ಗಾಳಿಯಲ್ಲಿ ಕಾಕಂಬಿಯ ಹುಳಿ ಸಿಹಿ ವಾಸನೆ ತುಂಬಿತ್ತು. ಕೆಳಗೆ ಮಂಜುಶ್ರೀ ಫೋನಿನಲ್ಲಿ ನಗುತ್ತಿದ್ದಳು. ಆ ಕಡೆ ಯಾರೆಂದು ಕೇಳಬೇಕಾಗಿರಲಿಲ್ಲ. ಪ್ರೀತಂ ಗೊಂಬೆಯ ಕಾರ್ಡು ಎತ್ತಿಕೊಂಡ. ಅವರಿಬ್ಬರ ಮುಖ ನೆನೆಸಿಕೊಂಡ. ಮೂಲೆಯಲ್ಲಿ ಒತ್ತಿ ಒತ್ತಿ ವಿದ್ವೇಷಣ ಎಂದು ಬರೆದು ಡಬ್ಬಕ್ಕೆ ಹಾಕಿ ಮುಚ್ಚಳ ಅದುಮಿದ.

ಕರೆಂಟು ಹೋಯಿತು.

ಕಾಕಂಬಿಯ ವಾಸನೆ ಇದ್ದಕ್ಕಿದ್ದಂತೆ ಇಲ್ಲವಾಗಿ ಸುಟ್ಟ ಕೂದಲಿನ ಕಮಟು ಎದ್ದಿತು. ಡಬ್ಬದೊಳಗೆ ಏನೋ ಮಗ್ಗುಲು ಬದಲಿಸಿತು. ತಗಡನ್ನು ಉಗುರು ಕೆರೆದ ಸದ್ದು. ಮೊಬೈಲಿನ ಬೆಳಕು ಹಿಡಿದು ಮಂಜುಶ್ರೀ ಮೆಟ್ಟಿಲು ಹತ್ತಿ ಬಂದಳು. ಬೆಳಕು ಪ್ರೀತಂನ ಮುಖಕ್ಕೆ ಬಿತ್ತು. ಅವಳು ಬಾಗಿಲಲ್ಲೇ ನಿಂತಳು. ಮೂಗು ಮುಚ್ಚಿಕೊಂಡಳು. ಹಿಂದೆ ಹಿಂದೆ ಸರಿಯುತ್ತ ಮೆಟ್ಟಿಲಿಳಿದು ಅಮ್ಮನ ಕೋಣೆ ಸೇರಿ ಚಿಲಕ ಹಾಕಿಕೊಂಡಳು.

ಆಮೇಲೆ ಅವಳು ಅವನ ಎದುರಿಗೆ ಬರಲಿಲ್ಲ. ಅವನು ಮುಟ್ಟಿದ ತಟ್ಟೆಯಲ್ಲಿ ಅವಳಿಗೆ ಕೂದಲು ಕಾಣುತ್ತಿತ್ತು. ಅವನ ಹೆಜ್ಜೆ ಸದ್ದಿಗೆ ವಾಂತಿ ಬರುತ್ತಿತ್ತು.

"ನಿನ್ನ ಮೇಲೆ ಸಿಟ್ಟಿಲ್ಲ ಕಣೋ," ಎಂದು ಮುಚ್ಚಿದ ಬಾಗಿಲ ಆಚೆಯಿಂದ ಅತ್ತಳು. "ಕಂಡ್ರೆ ಮೈ ನಡುಗುತ್ತೆ. ಯಾಕೆ ಅಂತ ನಂಗೂ ತಿಳೀತಿಲ್ಲ."

ಸಿದ್ದರಾಮುವಿನ ಜೊತೆ ಮಾತ್ರ ಅವಳು ಎಂದಿನಂತೆಯೇ ಮಾತಾಡುತ್ತಿದ್ದಳು.

ಪ್ರೀತಂ ಮಳವಳ್ಳಿ ಕಡೆಗೆ ಓಡಿದ. ಚಿಕ್ಕನಂಜಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವನನ್ನು ಕಂಡವಳೇ ಸೆರಗಿನಿಂದ ಮೂಗು ಮುಚ್ಚಿದಳು.

"ಯಾವುದ್ಕೆ ಹಾಕ್ದೆ?"

"ವಿದ್ವೇಷಣ."

"ಯಾರ್ನ ನೆನುಸ್ಕಂಡು?"

ಪ್ರೀತಂ ಅವಳ ಮುಂದಿದ್ದ ಅವರೆ ಸಿಪ್ಪೆಯನ್ನು ಗುಡ್ಡೆ ಮಾಡತೊಡಗಿದ. ಅವಳಿಗೆ ಉತ್ತರ ಸಿಕ್ಕಿತು.

"ಎದ್ದದ್ದು ಇನ್ನ ಮನೀಕಳಾಕಿಲ್ಲ," ಎಂದಳು. "ಒಂದು ಸತಿ ಮಾತ್ರ ಕೆಲ್ಸ ಬದ್ಲಾಯುಸ್ಬೋದು. ಶಾಂತಿಗೆ ಹಾಕು. ನಿನ್ನೆಂಡ್ರು ಮೊದ್ಲಿನಂಗಾಯ್ತಾಳೆ. ಮೊದ್ಲಿನಂಗೆ ಅಂದ್ರೆ ನಿನ್ ಜೊತೇಲೂ, ಎಲ್ಲಾರ ಜೊತೇಲೂ ಮೊದ್ಲಿನಂಗೇಯ. ತಿಳೀತಾ? ವಶ್ಯದ ತಂಟೆಗೆ ಮಾತ್ರ ಓಗ್‌ಬ್ಯಾಡ."

ತಿಳಿಯಿತು. ತಿಳಿದದ್ದೇ ತಪ್ಪಾಯಿತು. ದಾರಿಯುದ್ದಕ್ಕೂ ಎಲ್ಲಾರ ಜೊತೇಲೂ ಎಂಬ ಮಾತೊಂದೇ ಅವನ ತಲೆ ಕೊರೆಯಿತು. ಆದರೂ ಮಂಡ್ಯದಲ್ಲಿ ಬಸ್ಸಿಳಿಯುವಾಗ ಶಾಂತಿಗೇ ಹಾಕುವುದೆಂದು ಗಟ್ಟಿ ಮಾಡಿಕೊಂಡಿದ್ದ. ಅವಳು ಮತ್ತೆ ಎದುರಿಗೆ ಕೂತು ಊಟ ಮಾಡಿದರೆ ಸಾಕಿತ್ತು, ನಿಜವಾಗಿಯೂ ಸಾಕಿತ್ತು.

ಮನೆಯ ಬಾಗಿಲಲ್ಲಿ ಸಿದ್ದರಾಮುವಿನ ಚಪ್ಪಲಿ ಇತ್ತು. ಅವಳಿಗೆ ಹುಷಾರಿಲ್ಲವೆಂದು ನೋಡಲು ಬಂದಿದ್ದ. ಒಳಗೆ ಅವನು ಏನೋ ಹೇಳಿದ. ಎಷ್ಟೋ ದಿನದ ಮೇಲೆ ಮಂಜುಶ್ರೀ ನಕ್ಕಳು. ಮನಸಾರೆ ನಕ್ಕಳು.

ಪ್ರೀತಂ ಮೆಟ್ಟಿಲು ಹತ್ತಿದ. ಕೋಣೆ ಕತ್ತಲಾಗಿತ್ತು. ದೀಪ ಹಾಕಲಿಲ್ಲ. ಡಬ್ಬ ತೆರೆದ. ಕಾರ್ಡು ಬೆಚ್ಚಗಿತ್ತು. ಹೆಸರು ಹೊಡೆದುಹಾಕಿದ. ಪೆನ್ನು ಮೂಲೆಗೆ ಇಟ್ಟ. ಕೆಳಗಿನಿಂದ ಮತ್ತೆ ನಗು ಬಂತು. ಬರೆದ.

ವಶ್ಯ.

ಅವಳ ನಗು ಅರ್ಧಕ್ಕೇ ನಿಂತಿತು.

"ಯಾಕಮ್ಮಿ? ಏನಾಯ್ತು?" ಸಿದ್ದರಾಮುವಿನ ದನಿ. "ಎಲ್ಲೋಯ್ತಿದ್ದೀಯ? ಮಂಜೂ!"

ಮೆಟ್ಟಿಲ ಮೇಲೆ ಬರಿಗಾಲು. ಅವಸರವಿಲ್ಲ. ಒಂದೇ ಸಮನೆ. ಕತ್ತಲಲ್ಲಿ ಬಾಗಿಲು ಸರಿಯಿತು. ಯಾರೋ ಪಕ್ಕ ಕೂತರು. ತಣ್ಣನೆಯ ಕೈ ಅವನ ಮಣಿಕಟ್ಟು ಹಿಡಿಯಿತು. ಸುಟ್ಟ ಕೂದಲಿನ ವಾಸನೆ ಈಗ ಅವಳಿಂದ ಬರುತ್ತಿತ್ತು.

"ಬಂದೆ ರೀ," ಎಂದಳು ಮಂಜುಶ್ರೀ. ಅವಳು ಅವನನ್ನು ಎಂದೂ ರೀ ಎಂದು ಕರೆದವಳಲ್ಲ.

ಆ ಕೈ ಈಗಲೂ ಬಿಟ್ಟಿಲ್ಲ. ಅವನು ಸ್ನಾನಕ್ಕೆ ಹೋಗುವಾಗ ಮಾತ್ರ ಬಿಡುತ್ತಾಳೆ, ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಿರುತ್ತಾಳೆ. ಅವನು ಉಂಡರೆ ಉಣ್ಣುತ್ತಾಳೆ. ಅವನು ಮಲಗಿದರೆ ಮಲಗಿ, ರೆಪ್ಪೆ ಹೊಡೆಯದೆ ಅವನನ್ನೇ ನೋಡುತ್ತಾಳೆ. ಹೊಸ ಚಿತ್ರಗಳು ಬಂದು ಬಿದ್ದಿವೆ, ಕಣ್ಣೆತ್ತಿ ನೋಡಿಲ್ಲ.

ತಡೆಯಲಾರದೆ ಒಂದು ಸಲ ಅವನೇ ಕೇಳಿದ. "ಸಿದ್ದು ಚಿತ್ರ ಚೆನ್ನಾಗಿದೆ ಅಲ್ವಾ ಮಂಜು?"

"ನೀವು ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ."

"ನಿಂಗೇನನ್ನಿಸುತ್ತೆ?"

"ಏನು ಅನ್ನಿಸ್ಬೇಕು, ಹೇಳಿ."

ಅವಳ ಮುಖದಲ್ಲಿ ಅವನು ಹೇಳಿದ್ದರ ಹೊರತು ಏನೂ ಇರಲಿಲ್ಲ. ಯಾರ ಜೊತೆಗಾದರೂ ನಗಲಿ, ನನ್ನನ್ನು ಬೈಯಲಿ, ಬಿಟ್ಟೇ ಹೋಗಲಿ ಎಂದು ಅವನು ಹಂಬಲಿಸಿದ. ಕೆಳಗೆ ಮೆಟ್ಟಿಲ ಬುಡದಲ್ಲಿ ಅವಳ ತಾಯಿ ಸೆರಗು ಬಾಯಿಗಿಟ್ಟುಕೊಂಡು ಮಗಳ ಹೆಸರು ಹಿಡಿದು ಕರೆಯುತ್ತಿದ್ದಳು.

"ಕೆಳಗೆ ಹೋಗು ಮಂಜು. ಅಮ್ಮ ಕರೀತಿದ್ದಾರೆ. ನಿನ್ನ ದಮ್ಮಯ್ಯ."

ಮಂಜುಶ್ರೀ ಇನ್ನಷ್ಟು ಹತ್ತಿರ ಸರಿದು ಅವನ ಕಿವಿಯ ಬಳಿ ಮೆಲ್ಲಗೆ ಕೇಳಿದಳು.

"ಆಯಮ್ಮ ಯಾರು ರೀ?"