ಎಂಟು ತಾಸಿನ ಕಾಳು

"ಮೊದಲ ಕೈ ತೆಗೀರಿ."

ಅಂಕುಶ ಬೆಚ್ಚಿ ತಿರುಗಿದ. ಅವನ ಬಲಗೈ ಗಾಜಿನ ಮುಚ್ಚಳದ ಗುಂಡಿಯ ಮೇಲಿತ್ತು. ಆ ಮಣಿಕಟ್ಟನ್ನು ಇನ್ನೊಂದು ಕೈ ಗಟ್ಟಿಯಾಗಿ ಹಿಡಿದಿತ್ತು. ಸಾಬೂನು ನೀರಿನಲ್ಲಿ ಒರಟಾದ, ಬಿಸಿಯಾದ ಕೈ...

ಹಿಡಿದವಳು ಸೆಲಿನ್. ಗಣೇಶಗುಡಿಯ ಆ ಹೋಮ್‌ಸ್ಟೇಯಲ್ಲಿ ಮೂರು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದವಳು. ಇವತ್ತು ಮಾತ್ರ, ಮೊದಲ ಬಾರಿಗೆ, ಒಂದು ಅಡುಗೆ ಪೂರ್ತಿ ಅವಳ ಕೈಗೆ ಬಂದಿತ್ತು.

"ಬರೇ ನೋಡಾಕತ್ತಿದ್ನಿರಿ" ಎಂದ ಅಂಕುಶ. "ಇದನ್ನ ರಿಪೇರಿ ಮಾಡಿದವ ನಾನ. ಕಾಯಾಕತ್ತೈತೋ ಇಲ್ಲೋ ಅಂತ..."

"ಗಾಜಿನಾಗಿಂದ ನೋಡ್ರಿ. ಒಮ್ಮೆ ಮುಚ್ಚಳ ತೆಗದ್ರ ಅರ್ಧ ತಾಸಿನ ಕಾವು ಹೋಗತೈತಿ."

"ಯಾರ ಹೇಳಿದ್ರು?"

"ವಿಡಿಯೋದಾಗ ಹೇಳ್ಯಾರ."

"ಇದೇನ್ ಪಾತ್ರಿನೋ, ದೇವರ ಪೆಟಗಿನೋ?"

ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಹಾದೇವಕ್ಕ ತಲೆ ಎತ್ತಿದಳು. "ಅಂಕುಶಾ, ಕೈ ಬಿಡಿಸ್ಕೊಳ್ಳೋ. ಇಲ್ಲಾ ಅಲ್ಲೇ ಇಟ್ಕೊಂಡು ಸಂಜೀತನಕ ನಿಲ್ಲಾಂವೇನು?"

ಆಗಲೇ ಸೆಲಿನ್‌ಗೆ ಗೊತ್ತಾಗಿದ್ದು, ತಾನಿನ್ನೂ ಅವನ ಮಣಿಕಟ್ಟು ಬಿಟ್ಟಿಲ್ಲವೆಂದು. ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಒರೆಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅಂಕುಶ ಜೋಯಿಡಾ ಕಡೆಯ ಸಿದ್ದಿ ಹುಡುಗ. ದಾಂಡೇಲಿ ಬಸ್ ನಿಲ್ದಾಣದ ಹಿಂದೆ ಅವನದೊಂದು ಪುಟ್ಟ ಅಂಗಡಿ. ಮಿಕ್ಸರ್, ಫ್ಯಾನ್, ಗೀಜರ್ ಏನೇ ಕೆಟ್ಟರೂ ಸರಿ ಮಾಡುತ್ತಾನೆ. ಆ ದಿನ ಅತಿಥಿಗಳ ಕೋಣೆಯ ಗೀಜರ್ ನೋಡಲು ಬಂದಿದ್ದ. ಹಿಂದಿನ ವಾರ ಸತ್ತೇ ಹೋಗಿದ್ದ ಈ ಸ್ಲೋ ಕುಕ್ಕರಿಗೂ ಅವನೇ ಜೀವ ಕೊಟ್ಟಿದ್ದ.

ಪುಣೆಯ ಅತಿಥಿಗಳು ಹೋಗುವಾಗ ಬಿಟ್ಟುಹೋದ ಪಾತ್ರೆ ಅದು. ದಪ್ಪ ಪಿಂಗಾಣಿ ಗಡಿಗೆ, ಸುತ್ತ ಕರೆಂಟಿನ ಕವಚ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಬೇಯುತ್ತದೆ.

ಒಡತಿ ಸ್ವಪ್ನಾ ಧಾರವಾಡದವಳು, ಖಡಕ್ ಮಾತಿನವಳು. ಅವಳೇ ಹೇಳಿದ್ದಳು. "ಸೆಲಿನ್, ಮುಂದಿನ ಭಾನುವಾರ ರಾಫ್ಟಿಂಗಿನವರು ಇಪ್ಪತ್ತೆರಡು ಮಂದಿ ಬರ್ತಾರ. ಸಂಜೀ ನಾಷ್ಟಾಕ್ಕ ಪಾವ್ ಜೋಡಿ ಬೇಕ್ಡ್ ಬೀನ್ಸ್ ಕೇಳ್ಯಾರ. ಇವತ್ತು ಮಾಡಿ ತೋರ್ಸು. ಚಲೋ ಆತಂದ್ರ ನಾಷ್ಟಾದ ಅಡಿಗಿ ನಿಂದ. ಇಲ್ಲಾಂದ್ರ ಗೋವಾದಿಂದ ಕುಕ್ ತರಸ್ತೀನಿ."

ನಾಷ್ಟಾದ ಅಡಿಗಿ ನಿಂದ...

ಆ ಮಾತು ಸೆಲಿನ್ ಎದೆಯಲ್ಲಿ ಬೆಳಿಗ್ಗೆಯಿಂದ ಕುಣಿಯುತ್ತಿತ್ತು. ವಿಡಿಯೋವನ್ನು ಏಳು ಸಲ ನೋಡಿದ್ದಳು. ಅದರಲ್ಲಿದ್ದ ಹೆಂಗಸು ಡಬ್ಬಿ ಕತ್ತರಿಸಿ ಬೀನ್ಸ್ ಸುರಿದು, ಟೊಮೆಟೊ, ಬೆಲ್ಲದ ಪಾಕ, ಹುಳಿ ಎಲ್ಲವನ್ನೂ ಒಟ್ಟಿಗೆ ಹಾಕಿ, "ಇಷ್ಟೇ, ಮುಚ್ಚಿಬಿಡಿ" ಎಂದು ನಕ್ಕಿದ್ದಳು. ಸೆಲಿನ್ ದಾಂಡೇಲಿ ಸಂತೆಯ ಬಿಳಿ ರಾಜ್ಮಾ ಕಾಳನ್ನು ರಾತ್ರಿ ನೆನೆಸಿ, ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ, ಆಮೇಲೆ ಎಲ್ಲವನ್ನೂ ಹಾಗೆಯೇ ಒಟ್ಟಿಗೆ ಹಾಕಿ ಮುಚ್ಚಿದ್ದಳು.

ಮಧ್ಯಾಹ್ನವೆಲ್ಲ ಅಂಕುಶ ಹೋಗಿ ಬಂದು ಮಾಡುತ್ತಿದ್ದ. ಒಮ್ಮೆ ಸ್ಪ್ಯಾನರ್ ಕೇಳಲು, ಒಮ್ಮೆ ನೀರು ಕೇಳಲು. ಪ್ರತಿ ಸಲವೂ ಮುಚ್ಚಳದಿಂದ ಎರಡು ಅಡಿ ದೂರ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ದರ್ಶನ ಅಷ್ಟ" ಎನ್ನುತ್ತಿದ್ದ.

ಸೆಲಿನ್ ನಗು ತಡೆದುಕೊಳ್ಳುತ್ತಿದ್ದಳು. ಯಾಕೋ ಆ ಅಡುಗೆಮನೆ ಅವತ್ತು ದೊಡ್ಡದಾಗಿ ಕಂಡಿತ್ತು.

ನಾಲ್ಕು ಗಂಟೆಗೆ ಮುಚ್ಚಳ ತೆರೆದಳು. ಘಮ್ಮೆಂದು ಪರಿಮಳ. ಕೆಂಪಾದ ಗಟ್ಟಿ ರಸ. ಸ್ವಪ್ನಾ ಒಂದು ಚಮಚ ಬಾಯಿಗಿಟ್ಟಳು.

ಕಟ್.

ಹಲ್ಲಿಗೆ ಸಿಕ್ಕ ಸದ್ದು ಎಲ್ಲರಿಗೂ ಕೇಳಿಸಿತು. ಸ್ವಪ್ನಾ ಆ ಕಾಳನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಬೆಂದಿಲ್ಲ, ಸೆಲಿನ್. ಎಂಟು ತಾಸು ಆದ್ರೂ ಬೆಂದಿಲ್ಲ."

ಸೆಲಿನ್ ತಟ್ಟೆಯ ಅಂಚಿನ ಆ ಕಾಳನ್ನೇ ನೋಡಿದಳು. ಎಲ್ಲ ಸರಿಯಾಗಿ ಮಾಡಿದ್ದೆನಲ್ಲ... ಏಳು ಸಲ ನೋಡಿದ್ದೆನಲ್ಲ... ಬಾಯಿ ತಾನಾಗಿಯೇ ಆಡಿಬಿಟ್ಟಿತು.

"ಪಾತ್ರಿ ಕಾದಿಲ್ಲ ಅಕ್ಕಾ. ರಿಪೇರಿ ಸರಿ ಆಗಿಲ್ಲ."

ಬಾಗಿಲಲ್ಲಿ ಚೀಲ ಕಟ್ಟುತ್ತಿದ್ದ ಅಂಕುಶ ಒಳಗೆ ಬಂದ. ಪಾತ್ರೆಯ ಹೊರಮೈಗೆ ಬೆರಳು ತಾಗಿಸಿದ, ತಟ್ಟನೆ ತೆಗೆದ. ಸೆಲಿನ್ ಮುಖ ನೋಡಿದ. ಅವಳು ಒರೆಸುವ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಹೌದ್ರಿ" ಎಂದ. "ನಂದ ತಪ್ಪು. ಒಳಗ ವೈರ್ ಸಡ್ಲ ಇರಬೇಕು. ಒಯ್ದು ನೋಡ್ತೀನಿ."

"ಹಂಗಾರ ಉಳದ ಕೆಲಸ ಇಲ್ಲೇ ರಾಮನಗರದಾಗಿನ ಇನ್ನೊಬ್ಬ ರಿಪೇರಿಯವಗ ಹೇಳ್ತೀನಪಾ" ಎಂದಳು ಸ್ವಪ್ನಾ. "ಬ್ಯಾಸರ ಮಾಡ್ಕೋಬ್ಯಾಡ."

ಹತ್ತು ಕೋಣೆಗಳ ಕರೆಂಟು ಕೆಲಸ ಅವನಿಗೇ ಸಿಗುವುದಿತ್ತು. ಅಂಕುಶ ತಲೆಯಾಡಿಸಿ, ಪಾತ್ರೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟುಹೋದ.

ಸೆಲಿನ್ ಬಚಾವಾಗಿದ್ದಳು. ಆದರೆ ಆ ಸಂಜೆ ಪಾತ್ರೆ ತಿಕ್ಕುವಾಗ ಒಂದೇ ಪ್ರಶ್ನೆ.

ಅವನು ಒಂದು ಮಾತೂ ವಾದ ಮಾಡಲಿಲ್ಲವಲ್ಲ... ಯಾಕೆ?

*

ಗುರುವಾರದವರೆಗೆ ತಡೆದುಕೊಂಡಳು. ಗುರುವಾರ ಬಸ್ ಹತ್ತಿ ದಾಂಡೇಲಿಗೆ ಹೋದಳು. ಪಾತ್ರೆ ಆಯಿತೇ ಎಂದು ಕೇಳಲು, ಅಷ್ಟೇ. ಹಾಗಂತ ತನಗೇ ಮೂರು ಸಲ ಹೇಳಿಕೊಂಡಳು.

ಅಂಗಡಿಯಲ್ಲಿ ಬೆಸುಗೆಯ ಹೊಗೆಯ ನಡುವೆ ಬೆಂದ ಕಾಳಿನ ವಾಸನೆ. ಮೇಜಿನ ಮೇಲೆ ಸ್ಲೋ ಕುಕ್ಕರು, ಕೆಂಪು ದೀಪ ಉರಿಯುತ್ತಿತ್ತು. ಅಂಕುಶ ಸ್ಟೀಲ್ ಬಟ್ಟಲು ಹಿಡಿದು ತಿನ್ನುತ್ತ ಕುಳಿತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಬರ್ರಿ... ಉಪ್ಪು ಹಾಕೂದ ಮರ್ತೇನಿ, ನಗಬ್ಯಾಡ್ರಿ."

ಸೆಲಿನ್ ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಹಲ್ಲೇ ಬೇಕಾಗಲಿಲ್ಲ. ನಾಲಿಗೆಯ ಮೇಲೆ ಬೆಣ್ಣೆಯಂತೆ ಕರಗಿತು.

"ಯಾವ ವೈರ್ ಬದ್ಲಿ ಮಾಡಿದ್ರಿ?"

ಅವನು ಬಟ್ಟಲು ಕೆಳಗಿಟ್ಟ.

"ಕೇಳಾಕತ್ತೇನಿ."

"ಯಾವುದೂ ಇಲ್ಲರಿ."

"ಅಂದ್ರ ಅವತ್ತೂ ಪಾತ್ರಿ ಬರೋಬ್ಬರಿ ಇತ್ತು?"

"ಬಳ್ಳು ಸುಟ್ಟಿತ್ತು" ಎಂದು ಅಂಕುಶ ತೋರುಬೆರಳು ತೋರಿಸಿದ. "ಪಾತ್ರಿ ಬರೋಬ್ಬರಿ ಐತಿ ಅಂದಿದ್ರ ಮಾತು ನಿಮ್ಮ ಮ್ಯಾಲ ಬರ್ತಿತ್ತಲ್ರಿ. ನನಗ ಇನ್ನೊಂದು ಗಿರಾಕಿ ಸಿಗ್ತಾರ. ನಿಮಗ ಇನ್ನೊಂದು ಅಡಿಗಿಮನಿ ಎಲ್ಲೆ ಸಿಗಬೇಕು?"

ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರೇನೋ. ಸೆಲಿನ್‌ಗೆ ಸಿಟ್ಟು ಬಂತು.

"ನನ್ನ ಕೇಳದ ನನ್ನ ತಪ್ಪು ನೀವ್ಯಾಕ ಹೊತ್ಕೊಂಡ್ರಿ? ಇಕಿ ಕೈಲೆ ಆಗೂದಿಲ್ಲ, ಪಾಪ, ಅಂತನಾ?"

"ಹಂಗಲ್ಲರಿ..."

"ಮತ್ತ ಹೆಂಗ? ಅವತ್ತ ಹೇಳಿದ್ರ ಅವತ್ತ ಹುಡುಕ್ತಿದ್ನಿ ಏನ್ ತಪ್ಪ್ಯಾತು ಅಂತ. ಐದು ದಿನ ಪಾತ್ರಿನ ಬೈಕೋಂತ ಕುಂತೆ. ನಿಮ್ಮನ್ನೂ."

ಅಂಕುಶನ ಮುಖ ಸಣ್ಣದಾಯಿತು. "ಅದು ನಂದ ತಪ್ಪು ಹೌದ್ರಿ" ಎಂದ ಮೆಲ್ಲಗೆ. "ಈ ಸಲ ಖರೇನ ನಂದು."

ಅವಳ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಮತ್ತೊಂದು ಕಾಳು ತೆಗೆದುಕೊಂಡಳು. ಅಗಿಯುತ್ತ ಯೋಚಿಸಿದಳು.

"ಇದಕ್ಕ ಏನೇನ್ ಹಾಕೀರಿ?"

"ಕಾಳು, ನೀರು. ನೀವು ಮಾಡಿದಂಗ ನೆನಸಿ, ಕುದಿಸಿ ಹಾಕಿದ್ನಿ. ಮತ್ತೇನ್ ಹಾಕ್ತಾರೋ ನನಗೆಲ್ಲಿ ಗೊತ್ತು?"

ಬರೀ ನೀರು...

ಸೆಲಿನ್ ಅಗಿಯುವುದನ್ನು ನಿಲ್ಲಿಸಿದಳು.

ಊರಲ್ಲಿ, ಹಳಿಯಾಳದ ಹತ್ತಿರದ ಅವರ ಮನೆಯಲ್ಲಿ, ಅವ್ವ ಮಾರ್ಗರೀಟಾ ಕಾಳಿನ ಸಾರು ಮಾಡುವಾಗ ಹುಣಸೆಹಣ್ಣಿನ ಬಟ್ಟಲನ್ನು ಒಲೆಯ ಹತ್ತಿರವೂ ತರುತ್ತಿರಲಿಲ್ಲ. ಕಾಳನ್ನು ಎರಡು ಬೆರಳಲ್ಲಿ ಹಿಸುಕಿ, ಹಿಟ್ಟಾದ ಮೇಲೆಯೇ ಹುಳಿ. ಮೊದಲೇ ಹುಳಿ ಬಿದ್ದರೆ ಕಾಳು ಹಟ ಹಿಡಿಯುತ್ತದೆ, ಬೆಲ್ಲ ಬಿದ್ದರೂ ಅಷ್ಟೇ. ಇದು ಅವಳಿಗೆ ಎಂಟನೇ ವಯಸ್ಸಿನಿಂದ ಗೊತ್ತು.

ಆದರೆ ಕರೆಂಟಿನ ಪಾತ್ರೆಯ ಮುಂದೆ ನಿಂತಾಗ, ತನಗೆ ಗೊತ್ತಿರುವುದೆಲ್ಲ ಇಲ್ಲಿಗೆ ಸಲ್ಲದು ಎಂದುಕೊಂಡಿದ್ದಳು. ವಿಡಿಯೋದ ಹೆಂಗಸು ಹೇಳಿದ್ದೇ ಸರಿ ಎಂದುಕೊಂಡಿದ್ದಳು. ಆ ಹೆಂಗಸು ಕತ್ತರಿಸಿದ್ದು ಡಬ್ಬಿ... ಡಬ್ಬಿಯಲ್ಲಿದ್ದ ಬೀನ್ಸ್ ಮೊದಲೇ ಬೆಂದದ್ದು!

"ಹುಳಿ" ಎಂದಳು. "ಹುಳಿ, ಬೆಲ್ಲ, ಟೊಮೆಟೊ. ಮೊದಲ ಹಾಕಿಬಿಟ್ನಿ."

"ಅಂದ್ರ?"

"ಅಂದ್ರ ಪಾತ್ರಿ ಕೊಡ್ರಿ, ಒಯ್ತೀನಿ."

ಬಸ್ಸಿನಲ್ಲಿ ಆ ಭಾರದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ಅವಳಿಗೆ ನಗು ಬಂತು. ಅವನಿಗೆ ಅಡುಗೆಯೇ ಬರುವುದಿಲ್ಲ. ಆದರೂ ಬೆಂಚಿನ ಮೇಲೆ ಎಂಟು ತಾಸು ಕಾಳು ಬೇಯಿಸಿದ್ದಾನೆ. ಯಾರಿಗಾಗಿ?

*

ಸ್ವಪ್ನಾ ಒಪ್ಪಿದಳು, ಆದರೆ ತನ್ನದೇ ರೀತಿಯಲ್ಲಿ. "ಭಾನುವಾರ ಮಾಡು. ಮಹಾದೇವಕ್ಕ ಉಪ್ಪಿಟ್ಟಿನ ರವಾ ಹುರದ ಇಟ್ಟಿರ್ತಾಳ. ಕೆಟ್ಟರ ಉಪ್ಪಿಟ್ಟು, ಸೋಮವಾರ ಗೋವಾದ ಕುಕ್."

ಪಾತ್ರೆಯ ವಿಷಯ ಅವಳಿಗೆ ಹೇಳಬೇಕೆಂದು ಸೆಲಿನ್ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಧೈರ್ಯ ಸಾಲಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಗ್ಯಾಸಿನ ಮೇಲೆ ನೆನೆದ ಕಾಳು ತೆಳ್ಳಗೆ ನೊರೆ ಕಟ್ಟಿ ಕುದಿಯಿತು. ಪೂರಾ ಹತ್ತು ನಿಮಿಷ. ರಾಜ್ಮಾ ಹಾಗೆ ಕುದಿಯದೆ ಈ ಪಾತ್ರೆಗೆ ಬಿದ್ದರೆ ಹೊಟ್ಟೆ ಕೆಡುತ್ತದೆ. ಆ ನೀರು ಚೆಲ್ಲಿ, ಹೊಸ ಬಿಸಿನೀರು ಹಾಕಿ ಮುಚ್ಚಿದಳು. ಬರೀ ನೀರು, ಮತ್ತೇನಿಲ್ಲ.

ಹನ್ನೊಂದೂವರೆಗೆ ಮುಚ್ಚಳ ತೆಗೆದು, ಒಂದು ಕಾಳು ಹಿಸುಕಿದಳು. ಹಿಟ್ಟು.

ಆಗ ಹುರಿದ ಈರುಳ್ಳಿ, ಟೊಮೆಟೊ, ಬೆಲ್ಲ, ಸಾಸಿವೆ ಪುಡಿ, ಬ್ಯಾಡಗಿ ಮೆಣಸಿನ ಪುಡಿ, ಉಪ್ಪು, ಕೊನೆಗೆ ಅಷ್ಟೇ ಅಷ್ಟು ಹುಣಸೆ ರಸ. ಮತ್ತೆ ಮುಚ್ಚಿದಳು. ವಿಡಿಯೋ ನೋಡಲಿಲ್ಲ. ಮೊಬೈಲ್ ಕಪಾಟಿನೊಳಗಿತ್ತು.

ನಾಲ್ಕಕ್ಕೆ ಕಾಳಿ ನದಿಯ ನೀರು ಇಳಿಯುವ ಬಟ್ಟೆಯಲ್ಲೇ ಇಪ್ಪತ್ತೆರಡು ಮಂದಿ ಬಂದರು. ಬೆಣ್ಣೆ ಸವರಿ ಕೆಂಪಗೆ ಸುಟ್ಟ ಪಾವು, ಅದರ ಮೇಲೆ ಒಂದೊಂದು ಸೌಟು.

ಸೆಲಿನ್ ಕಿಟಕಿಯಿಂದ ನೋಡಿದಳು. ಮೊದಲು ಮಾತು ನಿಂತಿತು. ಆಮೇಲೆ ಒಬ್ಬ ಎದ್ದು ಬಂದ, ಖಾಲಿ ತಟ್ಟೆ ಹಿಡಿದು. ಅವನ ಹಿಂದೆ ಮತ್ತೊಬ್ಬಳು. ಅವಳ ಹಿಂದೆ ನಾಲ್ವರು...

ಅರ್ಧ ತಾಸಿನಲ್ಲಿ ಗಡಿಗೆಯ ತಳದ ಬಿಳುಪು ಕಂಡಿತು.

"ನನ್ನ ರವಾ ಹಂಗ ಉಳೀತಲ್ಲೇ" ಎಂದಳು ಮಹಾದೇವಕ್ಕ, ಬಾಯಿತುಂಬ ಪಾವು ಇಟ್ಟುಕೊಂಡು. "ನಾಳಿ ನನಗೂ ಕಲಿಸು, ಮನ್ಯಾಗ ಮಾಡ್ತೀನಿ."

ಸ್ವಪ್ನಾ ಎರಡನೇ ತಟ್ಟೆ ಮುಗಿಸಿ ಕೈ ತೊಳೆದಳು. "ಶಾಭಾಷ್ ಸೆಲಿನ್. ರಿಪೇರಿ ಆದಮ್ಯಾಲ ಪಾತ್ರಿ ಹೆಂಗ ಕಾಯಾಕತ್ತೈತಿ ನೋಡು. ಆ ಅಂಕುಶ ಮೊದಲ ಸಲನ ಬರೋಬ್ಬರಿ ಮಾಡಿದ್ರ ಏನಾಕ್ಕಿತ್ತು."

ಸುಮ್ಮನಿದ್ದರೆ ಸಾಕಿತ್ತು. ಅಡುಗೆಮನೆ ಅವಳದಾಗಿತ್ತು. ಮೂರು ವರ್ಷ ಕಾದದ್ದು ಒಂದು ಉಸಿರಿನಷ್ಟು ಹತ್ತಿರದಲ್ಲಿತ್ತು.

ಸೆಲಿನ್ ಆ ಉಸಿರು ಎಳೆದುಕೊಂಡಳು.

"ಅಕ್ಕಾ, ಪಾತ್ರಿ ಅವತ್ತೂ ಬರೋಬ್ಬರಿ ಇತ್ತು. ಹುಳಿ ಮೊದಲ ಹಾಕಿದಾಕಿ ನಾನು. ಕಾಳು ಬೇಯದ್ದು ನನ್ನಿಂದ. ಅಂಕುಶ ಅವರು ನನ್ನ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು."

ಮಹಾದೇವಕ್ಕ ಅಗಿಯುವುದನ್ನು ನಿಲ್ಲಿಸಿದಳು.

ಸ್ವಪ್ನಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹಂಗಾರ ಇವತ್ತಿಂದು?" ಎಂದಳು. "ಇವತ್ತಿಂದು ಯಾರಿಂದ?"

ಸೆಲಿನ್ ತಲೆ ಎತ್ತಿಯೇ ಹೇಳಿದಳು. "ಇವತ್ತಿಂದೂ ನನ್ನಿಂದ ಅಕ್ಕಾ."

"ಹ್ಞೂಂ." ಸ್ವಪ್ನಾ ಸೊಂಟದಿಂದ ಉಗ್ರಾಣದ ಬೀಗದಕೈ ಬಿಚ್ಚಿ ಅವಳ ಮುಂದಿಟ್ಟಳು. "ನಾಳೆ ಆರಕ್ಕ ಬಾ. ಪಾತ್ರಿ ತೊಳಿಯಾಕ ಬ್ಯಾರೆಯವರನ್ನ ನೋಡ್ತೀನಿ. ಆ ಹುಡುಗಗ ನೀನ ಫೋನ್ ಮಾಡು. ಹತ್ತೂ ಕೋಣಿ ಅವಂದ ಅಂತ ಹೇಳು. ಇನ್ನೊಮ್ಮೆ ಸುಳ್ಳ ಹೇಳಿದ್ರ ಇಬ್ಬರಿಗೂ ಉಪ್ಪಿಟ್ಟ ತಿನಸ್ತೀನಿ ಅಂತನೂ ಹೇಳು."

*

ಫೋನ್ ಎತ್ತಿದವನು ಮೊದಲು ಕೇಳಿದ್ದು, "ಪಾತ್ರಿ ಕೆಟ್ತೇನ್ರಿ?"

"ಪಾತ್ರಿ ಕೆಟ್ಟಿಲ್ಲ" ಎಂದಳು ಸೆಲಿನ್. "ಆದ್ರೂ ಬರ್ರಿ."

ಬಿಸಿಲು ಇನ್ನೂ ಮರಗಳ ಮೇಲಿರುವಾಗಲೇ ಅವನ ಬೈಕು ಬಂತು. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಸ್ಲೋ ಕುಕ್ಕರು, ಮುಚ್ಚಳ ಮುಚ್ಚಿತ್ತು. ಒಳಗೆ, ಬಡಿಸುವ ಮೊದಲೇ ಅವನಿಗೆಂದು ಎತ್ತಿಟ್ಟಿದ್ದ, ಒಬ್ಬನಿಗೆ ಆಗುವಷ್ಟು ಕಾಳು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳುತ್ತ ನಿಂತ. ಹತ್ತು ಕೋಣೆಯ ಮಾತಿಗೆ ಅವನ ಮುಖ ಅಷ್ಟೇನೂ ಅರಳಲಿಲ್ಲ.

"ಎಲ್ಲಾರ ಮುಂದ ಹೇಳಿದ್ರಿ?" ಎಂದ. "ನನ್ನ ಸಲುವಾಗಿ?"

"ನಿಮ್ಮ ಸಲುವಾಗಿನೂ. ನನ್ನ ಸಲುವಾಗಿನೂ." ಸೆಲಿನ್ ಕಣ್ಣು ತಗ್ಗಿಸಲಿಲ್ಲ. "ಈಗ ನೀವು ಖರೇ ಹೇಳ್ರಿ. ಅವತ್ತು ಗೀಜರ್ ರಿಪೇರಿಗೆ ಎಷ್ಟು ಹೊತ್ತು ಬೇಕಿತ್ತು?"

ಅಂಕುಶ ಕಿವಿ ಕೆರೆದುಕೊಂಡ.

"ಒಂದು ತಾಸು."

"ನೀವು ನಾಕು ಗಂಟೇತನಕ ಇದ್ರಿ."

"ನೀವು ಕೈ ಹಿಡದ್ರಿ ನೋಡ್ರಿ... ಆಮ್ಯಾಲ ಗೀಜರ್ ಲಗೂನ ಮುಗಸಾಕ ಮನಸ ಆಗಲಿಲ್ಲ."

ಆ ದಿನ ಬೇಗ ಮುಗಿಯಬಾರದು ಅನಿಸಿದ್ದು ತನಗೊಬ್ಬಳಿಗೇ ಎಂದುಕೊಂಡಿದ್ದಳು...

"ಒಂದ ಮಾತು" ಎಂದಳು. "ಇನ್ನ ಮುಂದ ನನ್ನ ತಪ್ಪು ನನಗ ಹೇಳಬೇಕು. ಮುಚ್ಚಿಡಬಾರದು. ಹಂಗಾದ್ರ... ಜನ್ಮಪೂರ್ತಿ ಜೋಡಿ ಇರೂಣು."

ಅಂಕುಶ ಹೌದೆಂದು ತಲೆಯಾಡಿಸಿದ. ಒಮ್ಮೆ ಸಾಲದೆಂದು ಮತ್ತೊಮ್ಮೆ ಆಡಿಸಿದ. ಆಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ಪಾತ್ರೆಯ ಕಡೆ ಕೈ ಚಾಚಿ, ನಡುವೆಯೇ ನಿಲ್ಲಿಸಿದ.

"ತೆಗೀಲೇನ್ರಿ? ಅರ್ಧ ತಾಸಿನ ಕಾವು ಹೋಗತೈತಿ."

ಸೆಲಿನ್ ಅವನ ಮಣಿಕಟ್ಟು ಹಿಡಿದಳು. ಈ ಸಲ ಮೆತ್ತಗೆ. ಆ ಕೈಯನ್ನು ತಾನೇ ಮುಚ್ಚಳದ ಮೇಲೆ ಇಟ್ಟಳು.

"ಹೋಗ್ಲಿ. ತೆಗಿ."

ಬಿಸಿ ಆವಿ ಇಬ್ಬರ ಮುಖಕ್ಕೂ ಬಡಿಯಿತು. ಅವನು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಉಪ್ಪು ಹೆಂಗೈತಿ?"

"ಬರೋಬ್ಬರಿ ಐತ್ರಿ."

"'ರೀ' ಅನ್ನೂದು ಬಿಡು."

ಅವನು ಕಣ್ಣು ತೆರೆದ. ಅವಳ ಕೈ ಇನ್ನೂ ಅವನ ಮಣಿಕಟ್ಟಿನ ಮೇಲೇ ಇತ್ತು.

"ಬರೋಬ್ಬರಿ ಐತಿ, ಸೆಲಿನ್."