ಔರಾದದಿಂದ ಬಂದ ಅಕ್ಷರಗಳು

ಭಾಲ್ಕಿಯ ಸರಕಾರಿ ಕಚೇರಿಯಲ್ಲಿ ಬೆಳಿಗ್ಗೆಯಿಂದ ಕಂಪ್ಯೂಟರ್ ಒಂಬತ್ತು ಸಲ ಸತ್ತಿತ್ತು. ಬೀದರದ ನೌಬಾದದಿಂದ ಬಸ್ಸು ಹಿಡಿದು ಬಂದ ರಿಪೇರಿಯ ಮಚ್ಛೇಂದ್ರ ಹತ್ತನೆಯ ಸಾವನ್ನು ಕಣ್ಣಾರೆ ಕಂಡ. ಪತ್ರ ಬರೆಯುವ ತಂತ್ರಾಂಶ ತೆರೆಯಿತು, ಮಿನುಗಿತು, ಮಾಯವಾಯಿತು.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಕಬ್ಬು ಕಡಿಯಲು ಗುಳೆ ಹೊರಟವರ ಮಕ್ಕಳನ್ನು ಔರಾದದ ಹಾಸ್ಟೆಲಿನಲ್ಲಿ ಉಳಿಸುವ ಪತ್ರಗಳು ಇಲ್ಲಿ ಅಚ್ಚಾಗಬೇಕಿತ್ತು. ಬಾಗಿಲಲ್ಲಿ ಶೇವಂತಾಬಾಯಿ ಕೂತಿದ್ದಳು. ಅವಳನ್ನು ಕಬ್ಬಿನ ಕೆಲಸಕ್ಕೆ ಒಯ್ಯುವ ಲಾರಿ ಮೂರು ಗಂಟೆಗೆ. ಪತ್ರ ಸಿಗದಿದ್ದರೆ ಮಗಳು ಮೀರಾಳೂ ಹತ್ತಬೇಕು, ಅವಳ ಏಳನೆಯ ತರಗತಿ ಅಲ್ಲಿಗೇ ಮುಗಿಯಿತು. ಕೂಲಿಯವರನ್ನು ಕರೆದೊಯ್ಯುವ ಲಾರಿಯ ಮುಕಾದಮ ಕಾಶೀರಾಮ ಮರಾಠಿ ಬಿಟ್ಟು ಬೇರೆ ಓದುವವನಲ್ಲ, ಮೊಹರಿದ್ದ ಅಚ್ಚಿನ ಪತ್ರ ಬಿಟ್ಟು ಬೇರೆ ನಂಬುವವನೂ ಅಲ್ಲ.

"ಸುಮಿತ್ರಾಬಾಯಿನೇ ಏನೋ ಮಾಡ್ಯಾಳ್ರಿ," ಎಂದರು ಸಾಹೇಬರು ಬಸವಣ್ಣೆಪ್ಪ. ಟೈಪು ಮಾಡುವ ಸುಮಿತ್ರಾಬಾಯಿ ನೆಲ ನೋಡುತ್ತಿದ್ದಳು.

* * *

ಮಚ್ಛೇಂದ್ರ ಕರೆಂಟು ನೋಡಿದ. ನೆಟ್ಟಗಿತ್ತು. ವೈರಸ್ ಹುಡುಕಿದ. ಇರಲಿಲ್ಲ. ಖಾಲಿ ಹಾಳೆ ತೆರೆದರೂ ಯಂತ್ರ ಸತ್ತಿತು. ಅಂದರೆ ತಪ್ಪು ಪತ್ರದ್ದಲ್ಲ.

ಹಾಳೆ ತೆರೆಯುವ ಮುಂಚೆ ಯಂತ್ರ ಮಾಡುವುದು ಒಂದೇ ಕೆಲಸ. ತನ್ನಲ್ಲಿರುವ ಫಾಂಟುಗಳ ಹೆಸರನ್ನೆಲ್ಲ ಒಂದು ದಫ್ತರದಲ್ಲಿ ಬರೆದಿಟ್ಟುಕೊಳ್ಳುತ್ತದೆ, ಬೇಕೆಂದಾಗ ಬೇಗ ಸಿಗಲೆಂದು. ಆ ದಫ್ತರ ಪ್ರತಿ ಸಲವೂ ಒಂದೇ ಜಾಗದಲ್ಲಿ ಅರ್ಧಕ್ಕೆ ನಿಂತಿತ್ತು.

"ನಿನ್ನೆ ಹೊಸ ಫಾಂಟ್ ಹಾಕೀರೇನ್ರಿ?" ಎಂದು ಸುಮಿತ್ರಾಬಾಯಿಯನ್ನು ಕೇಳಿದ.

"ಹಾಕೇನ್ರಿ. ಔರಾದದ ಪಂಢರಿ ಕಾಕಾರದು, ಅವರೇ ಕೈಯಾರೆ ಮಾಡಿದ್ದು. ಮರಾಠಿ ಪತ್ರ ಎಲ್ಲಾ ಅವರ ಅಕ್ಷರದಾಗ ಟೈಪಾಗ್ಯಾವ. ಕಾಗದದ ಜೊತಿ ಫಾಂಟೂ ತರೋದು ನಮ್ಮ ಕಡಿ ರೂಢಿ ಅಲ್ಲೇನ್ರಿ?"

ಆ ಫಾಂಟು ತೆಗೆದ. ಯಂತ್ರ ಬದುಕಿತು.

"ಸಿಕ್ಕ ನೋಡ್ರಿ ಕಳ್ಳ," ಎಂದರು ಬಸವಣ್ಣೆಪ್ಪ.

ಮಚ್ಛೇಂದ್ರ ಮೀರಾಳ ಪತ್ರ ತೆರೆದ. ಪರದೆಯ ತುಂಬ ಕಾಗೆ ಕಾಲು, ಗುಬ್ಬಿ ಕಾಲು. ಪಂಢರಿಯ ಫಾಂಟಿಲ್ಲದೆ ಅದನ್ನು ಓದುವಂತಿರಲಿಲ್ಲ. ಒಂದೂವರೆ ಗಂಟೆಯಾಗಿತ್ತು.

* * *

ದಫ್ತರ ನಿಂತದ್ದು ಪಂಢರಿಯ ಫಾಂಟಿನ ಹೆಸರು ಬರೆಯುವಾಗ. ಮಚ್ಛೇಂದ್ರ ಔರಾದಕ್ಕೆ ಫೋನು ಹಚ್ಚಿದ.

"ಕಾಕಾ, ಫಾಂಟಿಗೆ ಏನಂತ ಹೆಸರಿಟ್ಟೀರಿ?"

"ನನ್ನ ಹೆಸರೊಂದ ಹ್ಯಾಂಗ ಇಡಲಿ ತಮ್ಮಾ? ಮೊದಲ ಗುರುಗಳದು, ಆಮ್ಯಾಲ ಮಠದ್ದು, ಅಪ್ಪಂದು, ಊರಿಂದು. ಕಡೀಕ ನಂದು. ಉದ್ದ ಆತೇನು? ನಂದು ತೆಗಿ. ಗುರುಗಳದು ಇರಲಿ."

"ಯಾರದೂ ತೆಗಿಯೂದಿಲ್ಲರಿ," ಎಂದ ಮಚ್ಛೇಂದ್ರ.

ತಂತ್ರಾಂಶದ ಒಳಗಿನ ಬರಹ ಯಾರು ಬೇಕಾದರೂ ನೋಡಬಹುದಾದದ್ದು. ಬಿಚ್ಚಿದ, ಓದಿದ, ಒಂದು ಸಾಲಿನ ಮೇಲೆ ಬೆರಳಿಟ್ಟ.

"ಕಳ್ಳ ಇಲ್ಲಿ ಅದಾನ್ರಿ ಸಾಹೇಬ್ರ. ಕಾಕಾ ಹೆಸರು ಬರದದ್ದು ಹಳೇ ಪದ್ಧತಿದಾಗ. ಅದರಾಗ ಒಂದು ಅಕ್ಷರಕ್ಕ ಒಂದು ಮನಿ. ದಫ್ತರ ಇರೋದು ಹೊಸಾ ಪದ್ಧತಿದಾಗ. ಬದಲಿ ಮಾಡಿದರ ಅದೇ ಅಕ್ಷರಕ್ಕ ಮೂರು ಮನಿ ಬೇಕು. ಇದನ್ನ ಬರದಂವ ಎರಡರಷ್ಟು ಜಾಗಾ, ಮ್ಯಾಲೆ ಒಂದಿಷ್ಟು ಚಿಲ್ಲರ ಇಟ್ಟಾನ. ಸಣ್ಣ ಹೆಸರು ಆ ಚಿಲ್ಲರದಾಗ ಹಿಡೀತಿದ್ವು. ಗುರು, ಮಠ, ಅಪ್ಪ, ಊರು ಎಲ್ಲಾ ಕೂಡಿ ಬಂದಾಗ ಹಿಡಿಲಿಲ್ಲ. ಬಾಜೂದವರ ಜಾಗಾ ತುಳದ್ವು, ಯಂತ್ರ ಸತ್ತಿತು. ಬಾಯೀರ ತಪ್ಪಿಲ್ಲರಿ. ಕಾಕಾರದಂತೂ ಮೊದಲೇ ಇಲ್ಲ."

ಎರಡು ಇದ್ದಲ್ಲಿ ಮೂರು ಬರೆದ. ತಂತ್ರಾಂಶವನ್ನು ಮತ್ತೆ ಕಟ್ಟಿದ. ಪಂಢರಿಯ ಫಾಂಟು ವಾಪಸು ಹಾಕಿದ. ಯಂತ್ರ ಸಾಯಲಿಲ್ಲ. ಮೀರಾಳ ಪತ್ರ ಅಚ್ಚಾಗಿ ಹೊರಬಂತು.

ಬಸವಣ್ಣೆಪ್ಪ ಮೊಹರು ತಂದು ಸುಮಿತ್ರಾಬಾಯಿಯ ಕೈಗೇ ಕೊಟ್ಟರು. "ನೀವೇ ಒತ್ರಿ," ಎಂದರು. ಅವರ ಬಾಯಲ್ಲಿ ಕ್ಷಮೆ ಎಂದರೆ ಅಷ್ಟೇ.

ಶೇವಂತಾಬಾಯಿಗೆ ಓದು ಬಾರದು. "ಇದರಾಗ ಮೀರಾನ ಹೆಸರು ಎಲ್ಲಿ ಅದರಿ?" ಎಂದಳು. ಮಚ್ಛೇಂದ್ರ ತೋರಿಸಿದ. ಅವಳು ಅಲ್ಲಿ ಹೆಬ್ಬೆರಳಿಟ್ಟಳು.

* * *

ಮಚ್ಛೇಂದ್ರ ಶೇವಂತಾಬಾಯಿಯ ಜೊತೆ ಲಾರಿಯವರೆಗೂ ಹೋದ. ಕಾಶೀರಾಮ ಪತ್ರ ಓದಿದ, ತನ್ನ ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿದ. ಆಗಲೇ ಹತ್ತಿ ಕೂತಿದ್ದ ಮೀರಾ ಚೀಲ ಹಿಡಿದು ಕೆಳಗಿಳಿದಳು. ಅವಳು ಇಳಿದ ಜಾಗದಲ್ಲಿ ತಾಯಿ ಹತ್ತಿ ಕೂತಳು.

"ಯುಗಾದಿಗೆ ಬರ್ತೇನಿ. ಕಾಗದ ಮಡಚಬ್ಯಾಡ," ಎಂದಳು ಶೇವಂತಾಬಾಯಿ.

ಪತ್ರ ಗೆದ್ದ ಖುಷಿ ಮಚ್ಛೇಂದ್ರನಿಗೆ ಉಳಿಯಲಿಲ್ಲ. ಲಾರಿ ಹೊರಟಿತು. ಮೀರಾ ಎರಡೂ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದಳು. ಅವಳ ಹೆಸರಿನ ಮೇಲೆ ತಾಯಿಯ ಹೆಬ್ಬೆರಳ ಬೆವರಿನ ಗುರುತು ಇನ್ನೂ ಆರಿರಲಿಲ್ಲ.